ನೇರಳೆ ಬಣ್ಣ ಯಾಕೆ ಇಳಿಯಲಿಲ್ಲ? ಗಿಡಮೂಲಿಕೆಯ ಆಂಟಿಆಕ್ಸಿಡೆಂಟ್ ಪ್ರಯೋಗ ಕೈಕೊಟ್ಟಾಗ

ಪ್ರಾಜೆಕ್ಟ್ ಒಪ್ಪಿಸಲು ಮೂರು ವಾರ ಬಾಕಿ. ನೆಲ್ಲಿಕಾಯಿಯನ್ನೋ ಅಳಲೆಕಾಯಿಯನ್ನೋ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಸಿ ಸಾರ ತೆಗೆದಿದ್ದೀರಿ. ಆಂಟಿಆಕ್ಸಿಡೆಂಟ್ ಸೋಕಿದರೆ ಹಳದಿಗೆ ತಿರುಗುವ ನೇರಳೆ ರಾಸಾಯನಿಕ ಡಿಪಿಪಿಎಚ್ ಸೇರಿಸಿ ಅರ್ಧ ಗಂಟೆ ಕತ್ತಲಲ್ಲಿ ಇಟ್ಟಿದ್ದೀರಿ. ನೇರಳೆ ಹೋಗಿ ಹಳದಿ ಬರಬೇಕಿತ್ತು, ಬರಲಿಲ್ಲ. ಇಲ್ಲವೇ ಸಾರವನ್ನೇ ಹಾಕದ ಟ್ಯೂಬ್‌ನಲ್ಲೂ ಬಂತು. ಇಲ್ಲವೇ ಎಷ್ಟು ಬಣ್ಣ ಇಳಿಯಿತು ಅಂತ ಲೆಕ್ಕ ಹಾಕಿದರೆ ಮೈನಸ್ 12 ಪರ್ಸೆಂಟ್ ಅಂತ ಬಂದು ಕೂತಿದೆ.

ಎಂಎಸ್ಸಿ ಮಕ್ಕಳ ಇಂಥ ಪ್ರಾಜೆಕ್ಟುಗಳ ಜೊತೆ ಹಲವು ವರ್ಷ ಏಗಿದ್ದೇನೆ. ಎಲ್ಲರೂ ಮೊದಲು ಬೈಯುವುದು ಗಿಡವನ್ನೇ. ಗಿಡದ ತಪ್ಪು ಇರುವುದು ತೀರಾ ಅಪರೂಪ. ಹಾಗೆಯೇ ರಿಸಲ್ಟ್ ಸಿಕ್ಕಾಪಟ್ಟೆ ಚೆನ್ನಾಗಿ ಬಂದಾಗಲೂ ಅದು ಗಿಡದ ಹೆಚ್ಚುಗಾರಿಕೆ ಅಲ್ಲದೇ ಇರಬಹುದು. ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡೋಣ.

ಏನೇ ಕೆಟ್ಟಿರಲಿ, ಮೊದಲು ವಿಟಮಿನ್ ಸಿ

ಸಾರವನ್ನು ಪಕ್ಕಕ್ಕಿಡಿ. ಲ್ಯಾಬ್‌ನಲ್ಲಿರುವ ಆಸ್ಕಾರ್ಬಿಕ್ ಆಮ್ಲ ತೂಗಿ, ಆಗಷ್ಟೇ ಕರಗಿಸಿ, ಅದೇ ಡಿಪಿಪಿಎಚ್ ಜೊತೆ ಓಡಿಸಿ. ನಿನ್ನೆ ಕರಗಿಸಿಟ್ಟದ್ದು ಬೇಡ, ಅದು ತಾನಾಗಿಯೇ ಹಾಳಾಗುತ್ತದೆ.

ಇಲ್ಲಿ ಒಂದು ಲೆಕ್ಕ ಇದೆ. ಆಸ್ಕಾರ್ಬಿಕ್ ಆಮ್ಲದ ಒಂದು ಅಣು ಡಿಪಿಪಿಎಚ್‌ನ ಎರಡು ಅಣುಗಳನ್ನು ಇಳಿಸುತ್ತದೆ. ಟ್ಯೂಬ್‌ನ ಕೊನೆಯ ಮಿಶ್ರಣದಲ್ಲಿ ಡಿಪಿಪಿಎಚ್ 0.1 ಮಿಲಿಮೋಲಾರ್ ಇದ್ದರೆ, ಅರ್ಧ ಬಣ್ಣ ಇಳಿಸಲು ಮಿಲಿಲೀಟರಿಗೆ ಸುಮಾರು 4.4 ಮೈಕ್ರೋಗ್ರಾಂ ವಿಟಮಿನ್ ಸಿ ಬೇಕು. 0.1 ಮಿಲಿಮೋಲಾರ್ ದ್ರಾವಣಕ್ಕೆ ಅಷ್ಟೇ ಪ್ರಮಾಣದ ಸ್ಯಾಂಪಲ್ ಬೆರೆಸಿದ್ದರೆ ಡಿಪಿಪಿಎಚ್ ಅರ್ಧಕ್ಕೆ ಇಳಿದಿರುತ್ತದೆ. ಆಗ 2.2 ಸಾಕು. ಈ ಅರ್ಧ ಬಣ್ಣ ಇಳಿಸುವ ಪ್ರಮಾಣಕ್ಕೇ ಐಸಿ 50 ಅನ್ನುವುದು.

ನಿಮ್ಮ ಸಂಖ್ಯೆ ಇದರ ಆಸುಪಾಸಿನಲ್ಲಿ ಇದ್ದರೆ ಉಪಕರಣ, ಡಿಪಿಪಿಎಚ್, ಪಿಪೆಟ್, ನಿಮ್ಮ ಕೈ ಎಲ್ಲವೂ ಸರಿ. ತೊಂದರೆ ಸಾರದ ಕಡೆ ಇದೆ. 30, 40 ಅಂತ ಬಂದರೆ ವಿಟಮಿನ್ ಸಿ ಹಳೆಯದಾಗಿದೆ, ಅಥವಾ ಟ್ಯೂಬ್‌ಗೆ ಹಾಕುವ ಮುಂಚಿನ ಸಾಂದ್ರತೆಯನ್ನೇ ಬರೆದುಕೊಂಡಿದ್ದೀರಿ. ನಾನು ನೋಡಿದ ತಪ್ಪುಗಳಲ್ಲಿ ಈ ಎರಡನೆಯದೇ ಜಾಸ್ತಿ. 1ಕ್ಕಿಂತ ಕಡಿಮೆ ಬಂದರೆ ಖುಷಿಪಡಬೇಡಿ. ಡಿಪಿಪಿಎಚ್ ನೀವು ಅಂದುಕೊಂಡಷ್ಟು ಇಲ್ಲ ಅಂತ ಅರ್ಥ.

ಬಣ್ಣ ಇಳಿಯುತ್ತಲೇ ಇಲ್ಲ

ವಿಟಮಿನ್ ಸಿ ಪಾಸಾಗಿದೆ, ಸಾರ ಮಾತ್ರ ಏನೂ ಮಾಡುತ್ತಿಲ್ಲ. ಸುಮ್ನೆ ಒಂದು ಟ್ಯೂಬ್‌ಗೆ ಹತ್ತು ಪಟ್ಟು ಸಾರ ಹಾಕಿ ನೋಡಿ. ಇಳಿದರೆ ನೀವು ಆರಿಸಿದ ಪ್ರಮಾಣ ಕಡಿಮೆಯಾಗಿತ್ತು ಅಷ್ಟೇ. ಅಳಲೆಕಾಯಿ, ದಾಳಿಂಬೆ ಸಿಪ್ಪೆಯಂಥ ಟ್ಯಾನಿನ್ ತುಂಬಿದ ವಸ್ತುವಿಗೆ ಹಾಕುವ ಲೆಕ್ಕವನ್ನೇ ಅಮೃತಬಳ್ಳಿ ಕಾಂಡಕ್ಕೂ ಹಾಕಿದರೆ ಹೀಗಾಗುತ್ತದೆ.

ಅದಕ್ಕೂ ಇಳಿಯಲಿಲ್ಲವಾ? ಎರಡು ಗಂಟೆ ಬಿಟ್ಟು ಮತ್ತೆ ರೀಡಿಂಗ್ ತೆಗೆಯಿರಿ. ಕೆಲವು ಸಂಯುಕ್ತಗಳು ನಿಧಾನ. ಅವುಗಳ ಮೈಕಟ್ಟು ದೊಡ್ಡದು, ಡಿಪಿಪಿಎಚ್‌ನ ಒಂಟಿ ಎಲೆಕ್ಟ್ರಾನ್ ಇರುವ ಮೂಲೆಗೆ ಸುಲಭವಾಗಿ ನುಗ್ಗಲಾರವು. ಅರ್ಧ ಗಂಟೆ ಅನ್ನುವುದು ನಾವೇ ಮಾಡಿಕೊಂಡ ರೂಢಿ.

ಆಮೇಲೆ ಸಾರ ತೆಗೆದ ದ್ರಾವಕ ನೋಡಿ. ಹೆಕ್ಸೇನ್‌ನಲ್ಲಿ ಬರುವುದು ಎಣ್ಣೆ, ಮೇಣ, ಎಲೆಹಸಿರು. ಬಣ್ಣ ಇಳಿಸುವ ಪಾಲಿಫಿನಾಲ್‌ಗಳು (ಟ್ಯಾನಿನ್ ಇವುಗಳಲ್ಲೊಂದು ಬಗೆ) ಅದರಲ್ಲಿ ಹೆಚ್ಚು ಬರುವುದಿಲ್ಲ. ನೀರು ಬೆರೆಸಿದ ಎಥನಾಲ್, ಮೆಥನಾಲ್ ಅಥವಾ ಅಸಿಟೋನ್ ಬೇಕು. ಹೆಕ್ಸೇನ್‌ನಲ್ಲಿ ಮೊದಲು ತೊಳೆದು ಜಿಡ್ಡು ಬಿಡಿಸಿ, ಉಳಿದ ಪುಡಿಯನ್ನು 70 ಪರ್ಸೆಂಟ್ ಎಥನಾಲ್‌ನಲ್ಲಿ ನೆನೆಸುವುದು ಒಳ್ಳೆಯ ದಾರಿ.

ಕೊನೆಗೆ ಗಿಡವೇ ಬೇರೆಯಾ ಅಂತ ನೋಡಿ. "ಬ್ರಾಹ್ಮಿ ತಂದಿದ್ದೀನಿ ಸರ್" ಅಂತ ಹುಡುಗರು ಚೀಲ ತೋರಿಸುತ್ತಾರೆ. ಒಬ್ಬನ ಚೀಲದಲ್ಲಿ ಒಂದೆಲಗ, ಇನ್ನೊಬ್ಬನ ಚೀಲದಲ್ಲಿ ನೀರುಬ್ರಾಹ್ಮಿ. ಒಂದು ಸೆಂಟೆಲ್ಲಾ, ಇನ್ನೊಂದು ಬಕೋಪಾ. ಕುಲವೂ ಬೇರೆ, ಒಳಗಿನ ರಸಾಯನವೂ ಬೇರೆ. ಶಂಖಪುಷ್ಪಿಯದ್ದು ಇನ್ನೂ ದೊಡ್ಡ ಗೋಜಲು. ಆ ಹೆಸರಿನಲ್ಲಿ ಮೂರ್ನಾಲ್ಕು ಬೇರೆ ಬೇರೆ ಗಿಡಗಳು ಓಡಾಡುತ್ತವೆ. ಗ್ರಂಧಿಗೆ ಅಂಗಡಿಯಿಂದ ಒಣಪುಡಿ ತಂದಿದ್ದರೆ ಗುರುತು ಹಿಡಿಯುವುದು ಇನ್ನೂ ಕಷ್ಟ. ಹೂವು ಎಲೆ ಸಮೇತ ಒಂದು ಕೊಂಬೆ ಒತ್ತಿ ಒಣಗಿಸಿ ಸಸ್ಯಶಾಸ್ತ್ರ ವಿಭಾಗಕ್ಕೆ ಕೊಡಿ. ಯಲಹಂಕದ ಬಳಿಯ ಸಂಶೋಧನಾ ಸಂಸ್ಥೆ ಎಫ್‌ಆರ್‌ಎಲ್‌ಎಚ್‌ಟಿಯಲ್ಲಿ ಔಷಧಿ ಸಸ್ಯಗಳದ್ದೇ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಇದೆ. ಈ ಕೆಲಸ ಮೊದಲ ದಿನವೇ ಆಗಬೇಕು. ಆರು ತಿಂಗಳಾದ ಮೇಲೆ ಪುಡಿಯ ಡಬ್ಬ ಹಿಡಿದು ಹೋದರೆ ಅವರಾದರೂ ಏನು ಮಾಡಿಯಾರು?

ಸಾರ ಹಾಕದ ಟ್ಯೂಬ್‌ನಲ್ಲೂ ಬಣ್ಣ ಇಳಿಯುತ್ತಿದೆ

ಕಂಟ್ರೋಲ್ ಟ್ಯೂಬ್ ಅರ್ಧ ಗಂಟೆಯಲ್ಲಿ ಕಣ್ಣಿಗೆ ಕಾಣುವಷ್ಟು ಮಸುಕಾದರೆ ಅಲ್ಲಿಗೇ ನಿಲ್ಲಿಸಿ. ಆ ದಿನದ ಒಂದು ಅಂಕಿಯೂ ಬೇಡ.

ಕಾರಣ ಬಹುಪಾಲು ಬೆಳಕು. ಡಿಪಿಪಿಎಚ್‌ಗೆ ಬೆಳಕು ಆಗದು. ಕಿಟಕಿ ಪಕ್ಕದ ಬೆಂಚಿನಿಂದ ಕದಲಿಸಿ, ಬಾಟಲಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ. ಅದಾದ ಮೇಲೆ ಗಾಜಿನ ಸಾಮಾನು ಅನುಮಾನಿಸಿ. ಹಿಂದಿನವರ ಗ್ಯಾಲಿಕ್ ಆಮ್ಲ ಚೂರು ಉಳಿದಿದ್ದರೂ ಸಾಕು. ಮೆಥನಾಲ್‌ನಲ್ಲಿ ಒಮ್ಮೆ ಜಾಲಾಡಿ.

ದ್ರಾವಣ ಅವತ್ತಿನದೇ ಇರಲಿ. 100 ಮಿಲಿಲೀಟರ್ ಮೆಥನಾಲ್‌ಗೆ 3.94 ಮಿಲಿಗ್ರಾಂ ಹಾಕಿದರೆ 0.1 ಮಿಲಿಮೋಲಾರ್. 517 ನ್ಯಾನೋಮೀಟರ್‌ನಲ್ಲಿ, 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ, ಅದರ ರೀಡಿಂಗ್ (ಎಷ್ಟು ಬೆಳಕು ಹೀರಿತು ಅನ್ನುವ ಅಂಕಿ) 1ರಿಂದ 1.2ರ ಒಳಗೆ ಬರಬೇಕು. 0.6 ಬಂದರೆ ಪುಡಿ ಹಳೆಯದು ಅಥವಾ ತೂಕ ತಪ್ಪಿದೆ. ನಾಲ್ಕು ಮಿಲಿಗ್ರಾಂ ತೂಗುವಾಗ ಫ್ಯಾನ್ ಆರಿಸಿದ್ದೀರಿ ತಾನೇ? ಸಣ್ಣ ಗುಳಿಗಳ ಪ್ಲೇಟನ್ನು ಓದುವ ಪ್ಲೇಟ್ ರೀಡರ್‌ನಲ್ಲಿ ಈ ಸಂಖ್ಯೆ ಸಹಜವಾಗಿ ಕಡಿಮೆ ಬರುತ್ತದೆ. ಅಲ್ಲಿ ಬೆಳಕು ಹಾಯುವ ದೂರವೇ ಬೇರೆ.

ಜಾಸ್ತಿ ಹಾಕಿದಷ್ಟೂ ಪರ್ಸೆಂಟ್ ಕಡಿಮೆ, ಕೊನೆಗೆ ಮೈನಸ್

ಈ ಲಕ್ಷಣಕ್ಕೆ ನಾನೇ ಎರಡು ವಾರ ಬಲಿ ಕೊಟ್ಟಿದ್ದೇನೆ. ಮುರುಗಲು ಸಿಪ್ಪೆ, ಮಂಗಳೂರು ಕಡೆಯವರ ಪುನರ್ಪುಳಿ. ಅದರ ಕಡುಗೆಂಪು ಸಾರ ನೋಡಿದರೆ ಸಾಕು, ಒಳ್ಳೆಯ ರಿಸಲ್ಟ್ ಗ್ಯಾರಂಟಿ ಅನ್ನಿಸುತ್ತದೆ. ಮೊದಲ ಟ್ಯೂಬ್ 20 ಪರ್ಸೆಂಟ್, ಎರಡನೆಯದು 14, ಮೂರನೆಯದು ಸೊನ್ನೆಗಿಂತ ಕೆಳಗೆ. ಬಣ್ಣ ಅಳೆಯುವ ಉಪಕರಣ, ಸ್ಪೆಕ್ಟ್ರೋ, ಕೆಟ್ಟಿದೆ ಅಂತ ಮೆಕ್ಯಾನಿಕ್‌ನನ್ನೂ ಕರೆಸಿದ್ದಾಯ್ತು.

ಸ್ಪೆಕ್ಟ್ರೋ ಚೆನ್ನಾಗಿಯೇ ಇತ್ತು. ಮುರುಗಲಿನ ಕೆಂಪು ಅಂದರೆ ಆಂಥೋಸಯನಿನ್. ಹುಳಿ ಇರುವಲ್ಲಿ ಅದು ಬೆಳಕನ್ನು ಹೀರುವುದು 510ರಿಂದ 530 ನ್ಯಾನೋಮೀಟರ್ ಆಸುಪಾಸಿನಲ್ಲಿ. ಡಿಪಿಪಿಎಚ್ ಅಳೆಯುವುದು 517ರಲ್ಲಿ. ಉಪಕರಣಕ್ಕೆ ನೇರಳೆ ಯಾವುದು, ಮುರುಗಲಿನ ಕೆಂಪು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ಕೊಡುತ್ತದೆ.

ಪರಿಹಾರಕ್ಕೆ ದುಡ್ಡು ಬೇಡ. ಪ್ರತಿ ಸಾಂದ್ರತೆಗೂ ಇನ್ನೊಂದು ಟ್ಯೂಬ್ ಮಾಡಿ. ಅದರಲ್ಲಿ ಅಷ್ಟೇ ಸಾರ, ಡಿಪಿಪಿಎಚ್ ಬದಲು ಬರೀ ಮೆಥನಾಲ್. ಇದು ಸ್ಯಾಂಪಲ್ ಬ್ಲ್ಯಾಂಕ್. ಕಂಟ್ರೋಲ್ 1.10, ಸಾರ ಮತ್ತು ಡಿಪಿಪಿಎಚ್ ಸೇರಿ 0.95 ಅಂತಿಟ್ಟುಕೊಳ್ಳಿ. ಹಾಗೇ ಲೆಕ್ಕ ಹಾಕಿದರೆ 14 ಪರ್ಸೆಂಟ್. ಬ್ಲ್ಯಾಂಕ್ 0.60 ಬಂತು ಅನ್ನಿ. ಅದನ್ನು ಕಳೆದರೆ ಉಳಿದ ನೇರಳೆ 0.35 ಮಾತ್ರ. ಈಗ ಅದೇ ಟ್ಯೂಬ್ 68 ಪರ್ಸೆಂಟ್! ಗಿಡ ಬದಲಾಗಿಲ್ಲ, ಸಾರ ಬದಲಾಗಿಲ್ಲ, ಒಂದು ಟ್ಯೂಬ್ ಜಾಸ್ತಿಯಾಯ್ತು ಅಷ್ಟೇ.

ಆದರೂ ಬ್ಲ್ಯಾಂಕ್ ಪೂರ್ತಿ ನಂಬಿಕಸ್ತ ಅಲ್ಲ. ಡಿಪಿಪಿಎಚ್ ಜೊತೆ ಸೇರಿದಾಗ ಆಂಥೋಸಯನಿನ್ನಿನ ಬಣ್ಣವೂ ಬದಲಾಗುತ್ತದೆ, ಒಂಟಿಯಾಗಿದ್ದಾಗ ಹಾಗಾಗದು. ಬ್ಲ್ಯಾಂಕ್ ರೀಡಿಂಗ್ ಕಂಟ್ರೋಲ್‌ನ ಅರ್ಧಕ್ಕಿಂತ ಜಾಸ್ತಿ ಇದ್ದರೆ ನಾನು ಆ ಅಂಕಿಯನ್ನು ಬರೆಯುವುದಿಲ್ಲ. ಮೇಲಿನ 0.60 ಕೂಡ ಹಾಗೇ, ಸಾರವನ್ನು ಇನ್ನಷ್ಟು ತಿಳಿ ಮಾಡಿಯೇ ಓಡಿಸಬೇಕು. ಇಲ್ಲವಾದರೆ ಎಬಿಟಿಎಸ್ ಅನ್ನುವ ಇನ್ನೊಂದು ರಾಸಾಯನಿಕದ ವಿಧಾನಕ್ಕೆ ಹೋಗಬಹುದು. ಅದನ್ನು ಅಳೆಯುವುದು 734 ನ್ಯಾನೋಮೀಟರ್‌ನಲ್ಲಿ, ಕೆಂಪು ಬಣ್ಣ ಅಲ್ಲಿಗೆ ತಲೆ ಹಾಕುವುದಿಲ್ಲ. ಆದರೆ ಎಬಿಟಿಎಸ್‌ಗೆ ಹಿಂದಿನ ದಿನವೇ ಪೊಟ್ಯಾಸಿಯಂ ಪರ್ಸಲ್ಫೇಟ್ ಬೆರೆಸಿ 12ರಿಂದ 16 ಗಂಟೆ ಕತ್ತಲಲ್ಲಿ ಇಡಬೇಕು. ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ರಿಸಲ್ಟ್ ಕೇಳಿದರೆ ಸಿಗದು.

ಟ್ಯೂಬ್ ಕಲಕಾಗಿದೆ

ಬೆಳಕಿಗೆ ಹಿಡಿದು ನೋಡಿ. ಮೋಡದಂತೆ ಕಂಡರೆ ನೀರು ಜಾಸ್ತಿಯಾಗಿದೆ. ಡಿಪಿಪಿಎಚ್ ನೀರಿನಲ್ಲಿ ಕರಗುವುದಿಲ್ಲ. ಕೊನೆಯ ಮಿಶ್ರಣದಲ್ಲಿ ನೀರು 60 ಪರ್ಸೆಂಟ್ ದಾಟಿದರೆ ಅದು ಕಣವಾಗಿ ಕೂರಲು ಶುರು ಮಾಡುತ್ತದೆ. ಕಷಾಯವನ್ನು ನೇರ ಪರೀಕ್ಷಿಸುವವರಿಗೆ ಇದು ಮಾಮೂಲಿ ಗೋಳು. ಡಿಪಿಪಿಎಚ್ ಸೇರಿಸುವ ಮೊದಲೇ ಕಲಕಾಗಿದ್ದರೆ ಅದು ಸಾರದ ಅಂಟು ಅಥವಾ ಪಿಷ್ಟ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ತೆಗೆದುಕೊಳ್ಳಿ.

ಇವತ್ತೊಂದು ಐಸಿ 50, ನಾಳೆ ಇನ್ನೊಂದು

ಅಂಟಂಟಾದ ಸಾರವನ್ನು ತೂಗುವಾಗ ಅದರ ಜೊತೆ ನೀರನ್ನೂ ತೂಗುತ್ತಿದ್ದೀರಿ. ಫ್ರಿಜ್‌ನಿಂದ ತೆಗೆದ ಬಾಟಲಿಯನ್ನು ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಒಳಗೆ ಸೇರುತ್ತದೆ. ರೂಮಿನ ಬಿಸಿಗೆ ಬಂದ ಮೇಲೆ ತೆರೆಯಿರಿ, ಡೆಸಿಕೇಟರ್‌ನಲ್ಲಿ ಇಟ್ಟು ತೂಕ ನಿಂತ ಮೇಲೆ ಬಳಸಿ. ಪ್ಲೇಟ್ ಮುಚ್ಚದೆ ಇಟ್ಟರೆ ಮೆಥನಾಲ್ ಹಾರಿ ಅಂಚಿನ ಗುಳಿಗಳು ಬೇರೆ ರೀಡಿಂಗ್ ಕೊಡುತ್ತವೆ. 20ರಿಂದ 80 ಪರ್ಸೆಂಟ್ ನಡುವಿನ ಬಿಂದುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. 95, 96, 96 ಅಂತ ಬಂದ ಮೂರು ಬಿಂದುಗಳಿಂದ ಗೆರೆ ಎಳೆದರೆ ಅದು ಎತ್ತ ಬೇಕಾದರೂ ವಾಲುತ್ತದೆ.

ಬೇರೆ ಪೇಪರಿನ ಐಸಿ 50 ಜೊತೆ ನಿಮ್ಮದು ಹೊಂದಲಿಲ್ಲ ಅಂತ ಕೊರಗಬೇಡಿ. ಅವರ ಡಿಪಿಪಿಎಚ್ ಪ್ರಮಾಣ ಬೇರೆ ಇದ್ದರೆ ಸಂಖ್ಯೆಯೂ ಬೇರೆಯೇ. ಅದೇ ದಿನ ಓಡಿಸಿದ ವಿಟಮಿನ್ ಸಿ ಜೊತೆ ಹೋಲಿಸಿ ಬರೆಯಿರಿ.

ಫೋಲಿನ್‌ನಲ್ಲಿ ಫಿನಾಲ್ ರಾಶಿ ರಾಶಿ, ಡಿಪಿಪಿಎಚ್‌ನಲ್ಲಿ ಅಷ್ಟಿಲ್ಲ

ಫೋಲಿನ್–ಸಿಯೊಕಾಲ್ಟೊ ದ್ರಾವಣವನ್ನು ಸಾರದಲ್ಲಿ ಫಿನಾಲ್ ಎಷ್ಟಿದೆ ಅಂತ ಅಳೆಯಲು ಬಳಸುತ್ತೇವೆ, ಆದರೆ ಅದು ಫಿನಾಲ್ ಒಂದನ್ನೇ ಹುಡುಕುವುದಿಲ್ಲ. ಎಲೆಕ್ಟ್ರಾನ್ ಕೊಡುವವರು ಯಾರೇ ಸಿಕ್ಕರೂ ನೀಲಿಯಾಗುತ್ತದೆ. ಸಕ್ಕರೆ, ಪ್ರೋಟೀನ್, ವಿಟಮಿನ್ ಸಿ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಬೆಲ್ಲ ಹಾಕಿದ ಲೇಹ್ಯವನ್ನು ಹಾಗೇ ಪರೀಕ್ಷಿಸಿದರೆ ಬೆಲ್ಲದ ನೀಲಿಯೂ ಗಿಡದ ಖಾತೆಗೆ ಜಮೆಯಾಗುತ್ತದೆ. ಸಾರದ ಒಂದು ಭಾಗಕ್ಕೆ ಪಿವಿಪಿಪಿ ಪುಡಿ ಹಾಕಿ ಅಲುಗಾಡಿಸಿ, ಸೋಸಿ, ಮತ್ತೆ ಅಳೆಯಿರಿ. ಪಿವಿಪಿಪಿ ಟ್ಯಾನಿನ್ ಮುಂತಾದ ಫಿನಾಲ್‌ಗಳನ್ನು ಹಿಡಿದುಕೊಳ್ಳುತ್ತದೆ. ಆಮೇಲೂ ಉಳಿದ ನೀಲಿ ಬಹುತೇಕ ಬೇರೆಯವರದ್ದು.

ಬಾಟಲಿಯ ಬಣ್ಣವನ್ನೂ ನೋಡಿ. ಫೋಲಿನ್ ಹಳದಿಯಾಗಿರಬೇಕು. ಹಸಿರು ತಿರುಗಿದ್ದರೆ ಬಳಸಬೇಡಿ.

ಸಾರ ಕಪ್ಪಾಗಿದೆ

ನೆಲ್ಲಿಕಾಯಿಯನ್ನು ಕಬ್ಬಿಣದ ಚಾಕುವಿನಲ್ಲಿ ಹೆಚ್ಚಿದರೆ ಕಪ್ಪಾಗುವುದು ಅಡುಗೆಮನೆಯಲ್ಲೇ ಗೊತ್ತಿರುವ ವಿಷಯ. ಟ್ಯಾನಿನ್ ಕಬ್ಬಿಣ ಸೇರಿದರೆ ಮಸಿ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಬಟ್ಟೆಗೆ ಕಪ್ಪು ಬಣ್ಣ ಕಟ್ಟುತ್ತಿದ್ದುದೂ ಇದೇ ಗುಟ್ಟಿನಿಂದ. ಸ್ಟೀಲ್ ಚಾಕು, ಕಲ್ಲಿನ ಕುಟ್ಟಾಣಿ ಬಳಸಿ.

ನೀಲಿಗಪ್ಪು ಅಲ್ಲದೆ ಕಂದು ಬಂದಿದ್ದರೆ ಕಾರಣ ಬೇರೆ. ಹಸಿ ಎಲೆ ಜಜ್ಜಿದಾಗ ಅದರ ಕಿಣ್ವಗಳೇ ಫಿನಾಲ್‌ಗಳನ್ನು ಸುಡುತ್ತವೆ, ಹೆಚ್ಚಿಟ್ಟ ಬದನೆಕಾಯಿ ಕಂದಾಗುವ ಹಾಗೆ. ನೆರಳಲ್ಲಿ ಅಥವಾ 40 ಡಿಗ್ರಿಯಲ್ಲಿ ಬೇಗ ಒಣಗಿಸಿ. ಸಾಕ್ಸ್‌ಲೆಟ್‌ನಲ್ಲಿ (ಬಿಸಿ ದ್ರಾವಕವನ್ನು ಮತ್ತೆ ಮತ್ತೆ ಹಾಯಿಸುವ ಸಲಕರಣೆ) ಗಂಟೆಗಟ್ಟಲೆ ಕುದಿಸಿದ ಸಾರವೂ ಕಪ್ಪಾಗುತ್ತದೆ. ಆಂಥೋಸಯನಿನ್, ವಿಟಮಿನ್ ಸಿ ಇರುವ ವಸ್ತುವಿಗೆ ಸಾಕ್ಸ್‌ಲೆಟ್ ಬೇಡವೇ ಬೇಡ, ತಣ್ಣಗೆ ನೆನೆಹಾಕಿ.

ಇಲ್ಲಿ ಎಚ್ಚರಿಕೆಯ ಮಾತು. ಸಾಕ್ಸ್‌ಲೆಟ್ ಓಡುವಾಗ ಕಂಡೆನ್ಸರ್‌ಗೆ ನೀರು ನಿಂತರೆ ದ್ರಾವಕದ ಆವಿ ರೂಮು ತುಂಬುತ್ತದೆ. ಬೇಸಿಗೆಯಲ್ಲಿ ನಲ್ಲಿ ಯಾವಾಗ ನಿಲ್ಲುತ್ತದೋ ಹೇಳಲಾಗದು. ಓಡಲು ಬಿಟ್ಟು ಊಟಕ್ಕೆ ಹೋಗಬೇಡಿ. ಮೆಥನಾಲ್ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ, ಸ್ವಲ್ಪವೇ ಹೊಟ್ಟೆಗೆ ಹೋದರೂ ದೃಷ್ಟಿ ಹೋಗಬಹುದು. ಮೆಥನಾಲ್‌ನಲ್ಲಿ ತೆಗೆದ ಸಾರವನ್ನು "ಗಿಡಮೂಲಿಕೆ ತಾನೇ" ಅಂತ ರುಚಿ ನೋಡುವುದಾಗಲಿ, ಮನೆಯ ಹಿರಿಯರಿಗೆ ಕೊಡುವುದಾಗಲಿ ಕೂಡದು. ಕಪಾಟಿನ ಮೂಲೆಯಲ್ಲಿ ಹಳೆಯ ಈಥರ್ ಬಾಟಲಿ ಸಿಕ್ಕಿ, ಮುಚ್ಚಳದ ಸುತ್ತ ಹರಳು ಕಂಡರೆ ತೆರೆಯಬೇಡಿ, ಅಲುಗಾಡಿಸಬೇಡಿ, ಮುಟ್ಟಲೂ ಬೇಡಿ. ಅದು ಪೆರಾಕ್ಸೈಡ್, ಸಿಡಿಯಬಹುದು. ಎಲ್ಲರನ್ನೂ ಆಚೆ ಕಳಿಸಿ, ಲ್ಯಾಬ್ ಸುರಕ್ಷತೆ ನೋಡುವವರನ್ನು ಕರೆಯಿರಿ.

ಟಿಎಲ್‌ಸಿಯಲ್ಲಿ ಬೊಟ್ಟಿನ ಬದಲು ಬಾಲ

ಕಾಲಮ್‌ಗೆ (ಸಾರವನ್ನು ಭಾಗ ಮಾಡುವ ಕೊಳವೆ) ಇಳಿಯುವ ಮೊದಲು ತೆಳು ಪದರದ ಪ್ಲೇಟ್, ಅಂದರೆ ಟಿಎಲ್‌ಸಿ, ಸರಿಯಾಗಲೇಬೇಕು. ಉದ್ದ ಬಾಲ ಬಂದರೆ ಮೊದಲು ಸಾರ ಕಡಿಮೆ ಹಾಕಿ. ಆಮೇಲೆ ದ್ರಾವಕಕ್ಕೆ ಒಂದೆರಡು ಹನಿ ಫಾರ್ಮಿಕ್ ಆಮ್ಲ ಸೇರಿಸಿ. ಫಿನಾಲಿಕ್ ಆಮ್ಲಗಳ ಬಾಲ ಅಷ್ಟಕ್ಕೇ ಮುದುಡುತ್ತದೆ. ಫಾರ್ಮಿಕ್ ಆಮ್ಲ ಚರ್ಮ ಸುಡುತ್ತದೆ, ಕೈಗವಸು ಇರಲಿ.

ಪ್ಲೇಟ್ ಒಣಗಿದ ಮೇಲೆ ಫ್ಯೂಮ್ ಹುಡ್ ಒಳಗೆ 0.2 ಪರ್ಸೆಂಟ್ ಡಿಪಿಪಿಎಚ್ ಸಿಂಪಡಿಸಿ. ನೇರಳೆ ಹಿನ್ನೆಲೆಯಲ್ಲಿ ಹಳದಿ ಬೊಟ್ಟು ಎದ್ದಲ್ಲಿ ನಿಮ್ಮ ಸಂಯುಕ್ತ ಇದೆ. ನನಗೆ ಈ ಇಡೀ ಕೆಲಸದಲ್ಲಿ ಇಷ್ಟವಾದ ಹೊತ್ತು ಇದೇ. ಹೋಳಿಯ ಹಾಗೆ ಕಾಣುತ್ತದೆ, ಖರ್ಚೂ ಇಲ್ಲ. ಹಳದಿ ಬರೀ ಬುಡದಲ್ಲೇ ನಿಂತಿದ್ದರೆ ಅದು ಬಹುಪಾಲು ಟ್ಯಾನಿನ್. ಸಿಲಿಕಾ ಕಾಲಮ್‌ಗೆ ಹಾಕಿದರೆ ಅಂಟಿಕೊಂಡು ವಾಪಸ್ ಬರುವುದಿಲ್ಲ. ಸಿಲಿಕಾ ಬದಲು ಸೆಫಡೆಕ್ಸ್ ಎಲ್‌ಎಚ್-20 ಬೇಕು, ಅದು ದುಬಾರಿ. ಆದರೆ ತೊಳೆದು ಮತ್ತೆ ಮತ್ತೆ ಬಳಸಬಹುದು.

ಕಾಲಮ್ ಆದ ಮೇಲೆ ಶಕ್ತಿಯೇ ಮಾಯ

ಸಾರ ಚೆನ್ನಾಗಿತ್ತು, ಭಾಗ ಮಾಡಿದ ಮೇಲೆ ಯಾವ ಬಾಟಲಿಯಲ್ಲೂ ದಮ್ಮಿಲ್ಲ. ಮೊದಲು ತಕ್ಕಡಿ ಹತ್ತಿಸಿ. 5 ಗ್ರಾಂ ಹಾಕಿ ಎಲ್ಲ ಬಾಟಲಿ ಸೇರಿ 2 ಗ್ರಾಂ ಬಂದಿದ್ದರೆ ಉಳಿದದ್ದು ಕಾಲಮ್‌ನಲ್ಲೇ ಕೂತಿದೆ. ತೂಕ ಸರಿಹೊಂದಿದರೆ ಪ್ರತಿ ಬಾಟಲಿಯಿಂದ, ಬಂದ ತೂಕದ ಪ್ರಮಾಣದಲ್ಲೇ, ಚೂರು ಚೂರು ತೆಗೆದು ಒಟ್ಟು ಸೇರಿಸಿ ಪರೀಕ್ಷಿಸಿ. ಶಕ್ತಿ ವಾಪಸ್ ಬಂದರೆ ಅವು ಒಟ್ಟಿಗೆ ಇದ್ದಾಗಲೇ ಕೆಲಸ ಮಾಡುವಂಥವು. ಬರದಿದ್ದರೆ ದಾರಿಯಲ್ಲಿ ಕೆಟ್ಟಿವೆ. ದ್ರಾವಕ ಆರಿಸುವ ರೋಟರಿಯ ಬಿಸಿ 40 ಡಿಗ್ರಿ ದಾಟಿತ್ತಾ, ಬಾಟಲಿಗಳು ವಾರಗಟ್ಟಲೆ ಬೆಳಕಲ್ಲಿ ಇದ್ದವಾ ಅಂತ ನೆನಪಿಸಿಕೊಳ್ಳಿ.

"ಶುದ್ಧ ಸಂಯುಕ್ತ ಸಿಕ್ತು!"

ಇದನ್ನೂ ದೋಷದ ಪಟ್ಟಿಗೇ ಸೇರಿಸುತ್ತೇನೆ. ಯಾವ ದ್ರಾವಕದಲ್ಲೂ ಕರಗದ ಬಿಳಿ ಪುಡಿ ಬಂದಿದ್ದರೆ ಚೂರು ಸುಟ್ಟು ನೋಡಿ. ಕಪ್ಪಾಗದೆ ಹಾಗೇ ಉಳಿದರೆ ಅದು ಸಿಲಿಕಾ. ಮೆಥನಾಲ್ ಜಾಸ್ತಿಯಾದಾಗ ಕಾಲಮ್‌ನಿಂದ ಇಳಿದು ಬಂದಿದೆ. ಈ ನುಣ್ಣನೆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮಾಸ್ಕ್ ಇಲ್ಲದೆ ಮುಟ್ಟಬೇಡಿ.

ಬಣ್ಣವಿಲ್ಲದ ಎಣ್ಣೆ ಬಂದು, ಜಿಸಿ–ಎಂಎಸ್‌ನಲ್ಲಿ (ಅಣುಗಳನ್ನು ಒಡೆದು ತೂಕದಿಂದ ಗುರುತಿಸುವ ಉಪಕರಣ) 149ರ ಗೆರೆ ಎಲ್ಲಕ್ಕಿಂತ ಎತ್ತರ ಇದ್ದರೆ ಅದು ಥ್ಯಾಲೇಟ್. ಪ್ಲಾಸ್ಟಿಕ್ಕನ್ನು ಮೆದುವಾಗಿಸುವ ವಸ್ತು. ನಿಮ್ಮ ಗಿಡದ್ದಲ್ಲ, ದ್ರಾವಕ ತುಂಬಿಟ್ಟ ಪ್ಲಾಸ್ಟಿಕ್ ಕ್ಯಾನಿನದು. ಗಿಡದಿಂದಲೇ ಸಿಕ್ಕಿತು ಅಂತ ಇದನ್ನು ಪೇಪರ್‌ಗಳಲ್ಲಿ ಬರೆದವರೂ ಇದ್ದಾರೆ. ಗಿಡ ಹಾಕದೆ ಬರೀ ದ್ರಾವಕವನ್ನು ಅದೇ ದಾರಿಯಲ್ಲಿ ಓಡಿಸಿ, ಒಣಗಿಸಿ ನೋಡಿ. ಅದೇ ಎಣ್ಣೆ ಬಂದರೆ ಅನುಮಾನವೇ ಬೇಡ.

ಇಷ್ಟೆಲ್ಲ ದಾಟಿ, ಎರಡು ಬೇರೆ ಬೇರೆ ದ್ರಾವಕಗಳ ಟಿಎಲ್‌ಸಿಯಲ್ಲೂ ಒಂದೇ ಬೊಟ್ಟು ಬಂದಿದ್ದರೆ ಮಾತ್ರ ಅಣುವಿನ ರಚನೆ ತಿಳಿಸುವ ಎನ್‌ಎಂಆರ್‌ಗೆ ಕಳಿಸಿ. ಅಲ್ಲಿಂದ ಮುಂದೆ ಒಬ್ಬರೇ ಗುದ್ದಾಡುವುದರಲ್ಲಿ ಅರ್ಥವಿಲ್ಲ. ಐಐಎಸ್‌ಸಿಯ ಎನ್‌ಎಂಆರ್ ಸಂಶೋಧನಾ ಕೇಂದ್ರದಂಥ ಕಡೆ ಸ್ಯಾಂಪಲ್ ಕಳಿಸಬೇಕು, ಬಂದ ಗೆರೆಗಳನ್ನು ಓದಲು ರಸಾಯನಶಾಸ್ತ್ರದವರ ಜೊತೆ ಕೂರಬೇಕು. ಕಳಿಸುವಾಗ ಸ್ಯಾಂಪಲ್ ಸಣ್ಣ ಗಾಜಿನ ಬಾಟಲಿಯಲ್ಲಿ, ಪೂರ್ತಿ ಒಣಗಿರಲಿ, ಅಲ್ಯೂಮಿನಿಯಂ ಹಾಳೆ ಸುತ್ತಿರಲಿ. ಯಾವ ಡ್ಯೂಟರೇಟೆಡ್ ದ್ರಾವಕದಲ್ಲಿ ಕರಗುತ್ತದೆ ಅಂತ ಚೀಟಿಯಲ್ಲಿ ಬರೆಯಿರಿ. ಅರ್ಧವನ್ನು ನಿಮ್ಮ ಫ್ರೀಜರ್‌ನಲ್ಲೇ ಉಳಿಸಿಕೊಳ್ಳಿ. ಬಾಟಲಿಗೆ ಪ್ಯಾರಾಫಿಲ್ಮ್ ಸುತ್ತಿ, ಪ್ಲಾಸ್ಟಿಕ್ ಮುಚ್ಚಳದ್ದು ಮಾತ್ರ ಬೇಡ.